ಹಂಚುವ ಕೈ ನ್ಯಾಯವಾಗಿದೆ, ನಿರ್ಧರಿಸುವ ಕೈ ಯಾರದು? ಡೆಟ್ರಾಯಿಟ್‌ನ ಒಂದು ಪ್ಯಾಂಟ್ರಿಯ ವಿಮರ್ಶೆ

ಡೆಟ್ರಾಯಿಟ್ ನಗರದಲ್ಲಿ, ಹ್ಯಾಮ್‌ಟ್ರಾಮಿಕ್ ಎಂಬ ಸಣ್ಣ ನಗರಕ್ಕೆ ಹೊಂದಿಕೊಂಡ ಬಡಾವಣೆಯೊಂದರಲ್ಲಿ ಉಚಿತವಾಗಿ ದಿನಸಿ ಹಂಚುವ ಸಮುದಾಯ ಸಂಸ್ಥೆಯೊಂದರ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ದಿನಸಿ ಹಂಚುವ ಪ್ಯಾಂಟ್ರಿಗಳು ಅಮೆರಿಕದ ಎಲ್ಲ ನಗರಗಳಲ್ಲೂ ಇವೆ. ಆದರೆ ಈ ಸಂಸ್ಥೆಯು ತಾನು ಹಸಿವನ್ನಷ್ಟೇ ಅಲ್ಲ, ಹಸಿವು ಒಂದು ಜನಾಂಗದ ಮನೆಗಳಲ್ಲೇ ಹೆಚ್ಚಾಗಿ ಬೀಡುಬಿಡಲು ಕಾರಣವಾದ ಅನ್ಯಾಯವನ್ನೂ ಎದುರಿಸುತ್ತೇನೆಂದು ಲಿಖಿತವಾಗಿ ಮಾತು ಕೊಟ್ಟಿದೆ. ಆ ಮಾತು ಎಷ್ಟರ ಮಟ್ಟಿಗೆ ನಡೆಯುತ್ತಿದೆ ಎಂಬುದೇ ನನ್ನ ಪ್ರಶ್ನೆ. ನಾನು ಇಲ್ಲಿಗೆ ಹಣ ಕೊಡುವವನೂ ಹೌದು, ಕಪಾಟುಗಳಿಗೆ ಸಾಮಾನು ಜೋಡಿಸುವ ಸ್ವಯಂಸೇವಕನೂ ಹೌದು, ಆದ್ದರಿಂದ ಪೂರ್ತಿ ಹೊರಗಿನವನ ನೋಟ ಇದಲ್ಲ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಜನಾಂಗೀಯ ನ್ಯಾಯದ ಪ್ರಸ್ತಾಪ ಮಾಡಿದ್ದಕ್ಕೇ ಅನುದಾನ ಕೈತಪ್ಪಬಹುದಾದ ಈ ಕಾಲದಲ್ಲಿ, ಸಣ್ಣ ಸಂಸ್ಥೆಯೊಂದರ ಒಳಗಿನ ಕೊರತೆಗಳನ್ನು ಹೆಸರು ಹಿಡಿದು ಬರೆದರೆ ಆಗುವ ಹಾನಿಯು ಬರಹದಿಂದ ಆಗಬಹುದಾದ ಉಪಕಾರಕ್ಕಿಂತ ದೊಡ್ಡದು.

ಮೊದಲು ಆ ಬದ್ಧತಾ ಪತ್ರದ ವಿಚಾರ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯಿಂದ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಬಳಿಕ ಈ ದೇಶದ ಬ್ಯಾಂಕುಗಳಿಂದ ಹಿಡಿದು ಚಪ್ಪಲಿ ಕಂಪನಿಗಳವರೆಗೆ ಎಲ್ಲರೂ ಸಮಾನತೆಯ ಹೇಳಿಕೆಗಳನ್ನು ಹೊರಡಿಸಿದರು. ಅವುಗಳಲ್ಲಿ ಹೆಚ್ಚಿನವು ಯಾವ ಕಂಪನಿಯ ತಲೆಬರಹದ ಕೆಳಗಾದರೂ ಹೊಂದಿಕೊಳ್ಳುವಂಥವು. ಈ ಸಂಸ್ಥೆಯ ಪತ್ರ ಅದೇ ವರ್ಷದ್ದಾದರೂ ಅಂಥದ್ದಲ್ಲ. ಅದು ತಾನಿರುವ ನೆಲದ ಚರಿತ್ರೆಯಿಂದ ಆರಂಭವಾಗುತ್ತದೆ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆ ಬರೆಸಿ, ಕಪ್ಪು ಜನರು ವಾಸವಿದ್ದ ಬಡಾವಣೆಗಳಿಗೆ ಸಾಲಕ್ಕೆ ಅಪಾಯಕಾರಿ ಎಂದು ಕೆಂಪು ಬಣ್ಣ ಬಳಿದದ್ದನ್ನು, 1941ರಲ್ಲಿ ಏಟ್ ಮೈಲ್ ರಸ್ತೆಯ ಬಳಿ ಬಿಳಿಯರ ಹೊಸ ಮನೆಗಳಿಗೆ ಸರ್ಕಾರದ ಸಾಲ ಖಾತರಿ ಸಿಗಲೆಂದು ಒಬ್ಬ ಬಿಲ್ಡರ್ ಅವನ್ನು ಪಕ್ಕದ ಕಪ್ಪು ಜನರ ಬಡಾವಣೆಯಿಂದ ಬೇರ್ಪಡಿಸುವ, ಸುಮಾರು ಅರ್ಧ ಮೈಲು ಉದ್ದದ, ಆರಡಿ ಎತ್ತರದ ಗೋಡೆಯನ್ನೇ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಆ ಗೋಡೆ ಇಂದಿಗೂ ನಿಂತಿದೆ. ಬಳಿಕ ಪತ್ರವು ಕಿರಾಣಿಗೆ ಬರುತ್ತದೆ: ಬಿಳಿಯರು ಉಪನಗರಗಳಿಗೆ ಹೊರಟುಹೋದಂತೆ ದೊಡ್ಡ ಅಂಗಡಿಗಳೂ ಅವರ ಹಿಂದೆ ಹೋದವು, 2007ರಲ್ಲಿ ಫಾರ್ಮರ್ ಜ್ಯಾಕ್ ಎಂಬ ಸೂಪರ್‌ಮಾರ್ಕೆಟ್ ಸರಪಳಿ ತನ್ನ ಮಳಿಗೆಗಳನ್ನು ಮುಚ್ಚಿದ ಮೇಲೆ, 2013ರಲ್ಲಿ ಹೋಲ್ ಫುಡ್ಸ್ ಮತ್ತು ಮೈಯರ್ ಬಾಗಿಲು ತೆರೆಯುವವರೆಗೆ, ಈ ಮಹಾನಗರದ ಎಲ್ಲೆಯೊಳಗೆ ದೊಡ್ಡ ಸೂಪರ್‌ಮಾರ್ಕೆಟ್ ಸರಪಳಿಯ ಪೂರ್ಣ ಪ್ರಮಾಣದ ಮಳಿಗೆಯೇ ಇರಲಿಲ್ಲ. ಸ್ವತಂತ್ರ ಕಿರಾಣಿ ಅಂಗಡಿಗಳು ಇದ್ದವು, ಕೆಲವು ಬಹಳ ಚೆನ್ನಾಗಿಯೂ ಇದ್ದವು ಎಂಬುದನ್ನು ಪತ್ರ ಮರೆಮಾಚುವುದಿಲ್ಲ; ಈ ಪ್ರಾಮಾಣಿಕತೆ ನನಗೆ ಹಿಡಿಸಿತು, ಏಕೆಂದರೆ ಡೆಟ್ರಾಯಿಟ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಊರಲ್ಲಿ ಒಂದು ಟೊಮೆಟೊ ಕೂಡ ಸಿಗುತ್ತಿರಲಿಲ್ಲ ಎಂಬ ಧಾಟಿಯಲ್ಲೇ ಬರೆಯುತ್ತಾರೆ.

ಇಷ್ಟು ಹೇಳಿ ಪತ್ರವು ಮೂರು ಮಾತು ಕೊಡುತ್ತದೆ. ಬಂದವರನ್ನು ಅವಮಾನಿಸದೆ, ಅವರವರ ಅಡುಗೆಗೆ ಒಗ್ಗುವ ಆಹಾರ ಕೊಡುವುದು ಹಾಗೂ ಯಾರನ್ನು ಏಕೆ ವಾಪಸ್ ಕಳಿಸಲಾಯಿತು ಎಂಬುದನ್ನು ಪ್ರತಿವರ್ಷ ಪ್ರಕಟಿಸುವುದು ಮೊದಲನೆಯದು. ಖರೀದಿಯ ಹಣದಲ್ಲಿ ಗಣನೀಯ ಪಾಲನ್ನು ಕಪ್ಪು ಜನಾಂಗದ ಬೆಳೆಗಾರರಿಗೆ ಕೊಡುವುದು ಎರಡನೆಯದು. ಪ್ಯಾಂಟ್ರಿಯನ್ನು ಬಳಸುವವರೇ ಆಡಳಿತ ಮಂಡಳಿಯಲ್ಲಿ ಅರ್ಧದಷ್ಟಿರುವಂತೆ ನೋಡಿಕೊಳ್ಳುವುದು ಮೂರನೆಯದು. ಪರೀಕ್ಷಿಸಿ ನೋಡಬಹುದಾದ ಮಾತುಗಳು ಇವು ಎಂಬುದೇ ಈ ಪತ್ರದ ದೊಡ್ಡ ಗುಣ. 2025ರಲ್ಲಿ ಅನೇಕ ಸಂಸ್ಥೆಗಳು ಇಂಥ ಹೇಳಿಕೆಗಳನ್ನು ಸದ್ದಿಲ್ಲದೆ ತೆಗೆದುಹಾಕಿದಾಗಲೂ ಇವರು ತಮ್ಮದನ್ನು ತೆಗೆಯಲಿಲ್ಲ.

ಗೋಡೆಗೆ ಅಂಟಿಸಿರುವ ಈ ಪತ್ರದ ಪಕ್ಕದಲ್ಲೇ ಕೇಂದ್ರ ಸರ್ಕಾರದ ಕೃಷಿ ಇಲಾಖೆಯ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಎಂಬ ಪೋಸ್ಟರ್ ಇದೆ. ಸರ್ಕಾರದ ತುರ್ತು ಆಹಾರ ನೆರವು ಪಡೆದು ಹಂಚುವ ಪ್ರತಿ ಪ್ಯಾಂಟ್ರಿಯಲ್ಲೂ ಅದನ್ನು ಕಾಣುವಂತೆ ಹಾಕಲೇಬೇಕು. ಜನಾಂಗ, ಬಣ್ಣ, ಮೂಲ ದೇಶ ನೋಡಿ ಭೇದ ಮಾಡಕೂಡದೆಂಬ 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ನಿಯಮ ಅದು. ಬಾಗಿಲಿಗೆ ಬಂದವರನ್ನು ತಾರತಮ್ಯದಿಂದ ಹೊರಗಿಡಬಾರದು ಎಂಬಷ್ಟನ್ನು ಕಾನೂನು ಹೇಳುತ್ತದೆ. ಆ ಬಾಗಿಲಿಗೆ ಬರಬೇಕಾದ ಸ್ಥಿತಿ ಯಾರಿಗೆ ಹೆಚ್ಚು ಒದಗುತ್ತಿದೆ ಎಂಬುದು ಪೋಸ್ಟರಿನ ವ್ಯಾಪ್ತಿಗೆ ಬರುವುದಿಲ್ಲ. 2023ರ ಕೃಷಿ ಇಲಾಖೆಯ ಅಂಕಿಅಂಶದ ಪ್ರಕಾರ ಅಮೆರಿಕದ ಶೇ 13.5ರಷ್ಟು ಕುಟುಂಬಗಳಿಗೆ ಆಹಾರ ಭದ್ರತೆ ಇರಲಿಲ್ಲ. ಬಿಳಿಯರ ಕುಟುಂಬಗಳಲ್ಲಿ ಈ ಪ್ರಮಾಣ ಶೇ 9.9 ಇದ್ದರೆ ಕಪ್ಪು ಜನರ ಕುಟುಂಬಗಳಲ್ಲಿ ಶೇ 23.3 ಇತ್ತು. ಬದ್ಧತಾ ಪತ್ರವು ಮಾತನಾಡುವುದು ಈ ಅಂತರದ ಬಗ್ಗೆ.

ಸೇವೆಯ ವಿಷಯದಲ್ಲಿ ನನಗೆ ಹೊಗಳಿಕೆಯೇ ಹೆಚ್ಚು. ಮೊದಲೇ ಕಟ್ಟಿಟ್ಟ ಪೆಟ್ಟಿಗೆಯನ್ನು ಕೈಗಿಟ್ಟು ಕಳಿಸುವ ಪದ್ಧತಿ ಇಲ್ಲಿಲ್ಲ. ಅಂಗಡಿಯಂತೆ ಕಪಾಟುಗಳಿವೆ, ತಳ್ಳುಗಾಡಿಗಳಿವೆ. ಕುಟುಂಬದ ಗಾತ್ರಕ್ಕೆ ತಕ್ಕಂತೆ ಅಂಕಗಳನ್ನು ಕೊಡುತ್ತಾರೆ, ಆ ಅಂಕಗಳೊಳಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಆಯ್ಕೆಗೆ ಅವಕಾಶ ಕೊಡುವ ಪ್ಯಾಂಟ್ರಿಗಳು ಈಗ ಅಪರೂಪವಲ್ಲ, ಆದರೆ ಅನೇಕ ಕಡೆ ಆಯ್ಕೆ ಎಂದರೆ ಎರಡು ಬಗೆಯ ಬೀನ್ಸ್ ಡಬ್ಬಿಗಳ ನಡುವಿನ ಆಯ್ಕೆ ಮಾತ್ರ. ಇಲ್ಲಿ ತರಕಾರಿ ಮತ್ತು ಹಣ್ಣಿಗೆ ಅಂಕವೇ ಇಲ್ಲ, ಇದ್ದಷ್ಟು ಹೊತ್ತು ಬೇಕಾದಷ್ಟು ಒಯ್ಯಬಹುದು. ಅಂಕ ಕಡಿತವಾಗುವುದು ಡಬ್ಬಿ, ಮಾಂಸ ಮತ್ತು ಸಿಹಿ ತಿನಿಸುಗಳಿಗೆ. ಸ್ವಯಂಸೇವಕರು ಹಿಂದೆ ಹಿಂದೆ ನಡೆದು ಏನು ಎತ್ತಿಕೊಂಡಿರೆಂದು ಇಣುಕುವುದಿಲ್ಲ. ಪಂಕ್ತಿಭೇದದ ಊಟಗಳನ್ನು ಕಂಡೋ ಕೇಳಿಯೋ ಬಂದ ನಮ್ಮವರಿಗೆ, ಅನ್ನ ಸಿಕ್ಕರೂ ಅದು ಸಿಗುವ ರೀತಿಯಲ್ಲಿ ಅವಮಾನ ಇರಬಲ್ಲದು ಎಂಬುದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ದಾಖಲೆಗಳ ವಿಷಯದಲ್ಲಿ ಇನ್ನೂ ಒಳ್ಳೆಯ ನಿರ್ಧಾರ ಮಾಡಿದ್ದಾರೆ. ಸರ್ಕಾರದಿಂದ ಬರುವ ಸಾಮಾನುಗಳಿಗೆ ಆದಾಯದ ಮಿತಿಯೊಳಗಿದ್ದೇವೆಂಬ ಸ್ವಯಂ ಘೋಷಣೆ ಬೇಕು, ಅದಕ್ಕೆ ಒಂದು ಸಹಿ ಹಾಕಿಸಿಕೊಳ್ಳುತ್ತಾರೆ. ದೇಣಿಗೆಯಿಂದ ಬಂದ ಉಳಿದ ಸಾಮಾನುಗಳಿಗೆ ಅದೂ ಬೇಡ. ಸಂಬಳದ ಚೀಟಿ, ಮನೆಯ ಬಾಡಿಗೆ ಕರಾರು, ಪೌರತ್ವದ ಕಾಗದ ಯಾವುದನ್ನೂ ಕೇಳುವುದಿಲ್ಲ. ಇಂಥ ಪಿನ್ ಕೋಡಿನವರಿಗೆ ಮಾತ್ರ ಎಂಬ ನಿಯಮವೂ ಇಲ್ಲ, ಮತ್ತು ಇದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ: ನಕ್ಷೆಯ ಮೇಲೆ ಗೆರೆ ಎಳೆದು ಜನರನ್ನು ಬೇರ್ಪಡಿಸಿದ ಊರಿನಲ್ಲಿ, ಆ ಚರಿತ್ರೆಯನ್ನು ಗೋಡೆಗೆ ಅಂಟಿಸಿದ ಸಂಸ್ಥೆಯೇ ಮತ್ತೊಂದು ಗೆರೆ ಎಳೆದರೆ ಅದು ವಿಪರ್ಯಾಸವಾಗುತ್ತದೆ. ಸಮಯವೂ ಯೋಚಿಸಿ ಇಟ್ಟದ್ದು. ವಾರದಲ್ಲಿ ಒಂದು ದಿನ ಸಂಜೆ ತಡವಾಗಿ, ಮತ್ತೆ ಶನಿವಾರ ಬೆಳಗ್ಗೆ ತೆರೆದಿರುವುದರಿಂದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರಿಗೂ ಬರಲು ಆಗುತ್ತದೆ. ಬಸ್ಸು ಅಪರೂಪವಾದ, ಕಾರಿಲ್ಲದವರು ಬಹಳವಿರುವ ಈ ಊರಿನಲ್ಲಿ ವಯಸ್ಸಾದವರ ಮನೆಗೇ ಸಾಮಾನು ತಲುಪಿಸುವ ವ್ಯಾನ್ ಸೇವೆ ಇದೆ, ಜನವರಿಯ ಹಿಮದಲ್ಲೂ ಅದನ್ನು ನಿಲ್ಲಿಸುವುದಿಲ್ಲ.

ಕಪಾಟಿನಲ್ಲಿ ಏನಿರುತ್ತದೆ ಎಂಬುದೇ ನನ್ನ ಮಟ್ಟಿಗೆ ಅತಿ ಸ್ವಾರಸ್ಯದ ಭಾಗ. ಕಾಲರ್ಡ್ ಮತ್ತು ಸಾಸಿವೆ ಸೊಪ್ಪು, ಗೆಣಸು, ಬೆಂಡೆಕಾಯಿ, ಅಲಸಂದೆ ಕಾಳು: ದಕ್ಷಿಣದ ಹತ್ತಿಯ ಹೊಲಗಳಿಂದ ಕಾರ್ಖಾನೆಗಳ ಕೆಲಸ ಹುಡುಕಿ ಉತ್ತರಕ್ಕೆ ವಲಸೆ ಬಂದ ಕಪ್ಪು ಕುಟುಂಬಗಳ ಅಡುಗೆಮನೆಯ ಸಾಮಾನುಗಳಿವು. ಬೆಂಡೆಯನ್ನೂ ಅಲಸಂದೆಯನ್ನೂ ಅಮೆರಿಕಕ್ಕೆ ತಂದದ್ದು ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ಹಡಗುಗಳ ಕಾಲವೇ. ನಮ್ಮ ಹುಳಿಗೂ ಪಲ್ಯಕ್ಕೂ ಬರುವ ತರಕಾರಿಯನ್ನು ಇಲ್ಲಿನ ಅಜ್ಜಿಯರು ಹೇಗೆ ಬೇಯಿಸುತ್ತಾರೆಂದು ಕೇಳಿಕೊಂಡರೆ ಸ್ವಯಂಸೇವೆಯ ಹೊತ್ತು ಸರಿದದ್ದೇ ತಿಳಿಯುವುದಿಲ್ಲ. ಡಬ್ಬಿಗಳಲ್ಲಿ ಉಪ್ಪು ಕಡಿಮೆ ಇರುವವನ್ನು ಹಸಿರು ಪಟ್ಟಿ ಹಚ್ಚಿ ಕಣ್ಣಿನ ಎತ್ತರದಲ್ಲಿ ಇಟ್ಟಿರುತ್ತಾರೆ. ರಕ್ತದೊತ್ತಡ ಕಪ್ಪು ಅಮೆರಿಕನ್ನರಲ್ಲಿ ಬೇರೆಯವರಿಗಿಂತ ಹೆಚ್ಚಾಗಿರುವಾಗ ಉಪ್ಪು ತುಂಬಿದ ಸೂಪಿನ ಡಬ್ಬಿಯನ್ನು ದಾನವೆಂದು ಹಂಚುವುದು ಉಪಕಾರವಲ್ಲವೆಂದು ಇವರು ಅರಿತಿದ್ದಾರೆ. ಬೇರೆಯವರಿಗೆ ಬೇಡವಾದ ಬಣ್ಣದ ಸೋಡಾ, ಹುಟ್ಟುಹಬ್ಬದ ಉಳಿಕೆ ಕೇಕುಗಳನ್ನು ಅಂಗಡಿಗಳು ಕಳಿಸಿದಾಗ ವಿನಯದಿಂದ ಬೇಡ ಎನ್ನುವುದನ್ನೂ ಕಲಿತಿದ್ದಾರೆ. ದೇಣಿಗೆಯನ್ನು ನಿರಾಕರಿಸುವ ಧೈರ್ಯ ಸಣ್ಣ ಸಂಸ್ಥೆಗಳಿಗೆ ಸುಲಭದ್ದಲ್ಲ.

ಕೊರತೆಗಳೂ ಇಲ್ಲಿಂದಲೇ ಶುರುವಾಗುತ್ತವೆ. ಈ ಬಡಾವಣೆಯಲ್ಲಿ ಬಾಂಗ್ಲಾದೇಶದಿಂದಲೂ ಯೆಮನ್‌ನಿಂದಲೂ ಬಂದ ಕುಟುಂಬಗಳು ಬಹಳ. ಹಲಾಲ್ ಕೋಳಿ ಕೆಲವು ವಾರ ಬರುತ್ತದೆ, ಕೆಲವು ವಾರ ಬರುವುದಿಲ್ಲ. ಬಾರದ ವಾರ ಅವರು ಮಾಂಸದ ಅಂಕಗಳನ್ನು ಕಳೆದುಕೊಳ್ಳುತ್ತಾರೆಯೇ ಹೊರತು ಅದಕ್ಕೆ ಬದಲಾಗಿ ಬೇಳೆಯನ್ನೋ ಮೊಟ್ಟೆಯನ್ನೋ ಹೆಚ್ಚಿಗೆ ಪಡೆಯಲಾಗುವುದಿಲ್ಲ. ನಿಯಮ ತಿದ್ದಿದರೆ ಒಂದು ಮಧ್ಯಾಹ್ನದಲ್ಲಿ ಸರಿಹೋಗುವ ವಿಷಯವಿದು. ಮನೆಗೆ ತಲುಪಿಸುವ ಸೇವೆಗೆ ಹೆಸರು ಬರೆಸುವ ಫೋನ್ ಇಂಗ್ಲಿಷಿನಲ್ಲಿ ಮಾತ್ರ ಉತ್ತರಿಸುತ್ತದೆ, ಹೀಗಾಗಿ ಬಂಗಾಳಿ ಅಥವಾ ಅರಬ್ಬಿ ಮಾತ್ರ ಬಲ್ಲ ವೃದ್ಧರಿಗೆ ಮಕ್ಕಳೋ ಮೊಮ್ಮಕ್ಕಳೋ ಕರೆ ಮಾಡಿಕೊಡಬೇಕು. ಲ್ಯಾಕ್ಟೋಸ್ ಇಲ್ಲದ ಹಾಲು ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತದೆ. ಹಾಲು ಜೀರ್ಣವಾಗದ ತೊಂದರೆ ಬಿಳಿಯರಿಗಿಂತ ಉಳಿದವರಲ್ಲಿಯೇ ಬಹಳ ಹೆಚ್ಚು ಎಂಬುದು ತಿಳಿದ ಸಂಗತಿಯಾಗಿರುವಾಗ, ಆ ಹಾಲಿನ ಕಪಾಟು ಇಷ್ಟು ಚಿಕ್ಕದಾಗಿರುವುದಕ್ಕೆ ಸಮಾಧಾನಕರ ಉತ್ತರ ನನಗೆ ಸಿಕ್ಕಿಲ್ಲ.

ಸ್ನ್ಯಾಪ್ ಯೋಜನೆಗೆ, ಅಂದರೆ ಮಿಷಿಗನ್‌ನಲ್ಲಿ ಬ್ರಿಡ್ಜ್ ಕಾರ್ಡ್ ಎಂದು ಕರೆಯುವ ಸರ್ಕಾರಿ ಆಹಾರ ನೆರವಿಗೆ, ಅರ್ಜಿ ತುಂಬಿಸಿಕೊಡುವ ಮೇಜು ಚೆನ್ನಾಗಿ ನಡೆಯುತ್ತದೆ. ಆ ಕಾರ್ಡಿನಿಂದ ಬಿಸಿ ಊಟ ಕೊಳ್ಳಲಾಗದು, ಸೋಪು ಕೊಳ್ಳಲಾಗದು, ಮಗುವಿನ ಡಯಾಪರ್ ಕೊಳ್ಳಲಾಗದು ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಕಾರ್ಡಿನಲ್ಲಿ ತರಕಾರಿ ಕೊಂಡರೆ ಅಷ್ಟೇ ಮೊತ್ತದ ಹೆಚ್ಚುವರಿ ತರಕಾರಿ ಸಿಗುವ ‘ಡಬಲ್ ಅಪ್ ಫುಡ್ ಬಕ್ಸ್’ ಎಂಬ ಕಾರ್ಯಕ್ರಮ 2009ರಲ್ಲಿ ಇದೇ ಡೆಟ್ರಾಯಿಟ್‌ನಲ್ಲಿ ಆರಂಭವಾಯಿತೆಂಬುದೂ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಇವೆರಡನ್ನೂ ಮೇಜಿನಲ್ಲಿ ಕುಳಿತವರು ತಾಳ್ಮೆಯಿಂದ ತಿಳಿಸುತ್ತಾರೆ. ಆ ಮೇಜಿನಲ್ಲಿರುವವರು ಸಂಬಳ ಪಡೆಯುವ ನೌಕರರು, ಮತ್ತು ಅವರೆಲ್ಲ ಇದೇ ಬಡಾವಣೆಯವರು.

ವಾರ್ಷಿಕ ವರದಿಯ ಮಾತನ್ನು ಉಳಿಸಿಕೊಂಡಿದ್ದಾರೆ. ಎಷ್ಟು ಜನ ಬಂದರು ಎಂಬ ಹೆಮ್ಮೆಯ ಲೆಕ್ಕದ ಜೊತೆಗೆ, ಸಾಮಾನು ಮುಗಿದು ಎಷ್ಟು ಜನರನ್ನು ಬರಿಗೈಯಲ್ಲಿ ಕಳಿಸಬೇಕಾಯಿತು ಎಂಬ ಲೆಕ್ಕವನ್ನೂ ತಿಂಗಳವಾರು ಕೊಡುತ್ತಾರೆ. ದಾನಿಗಳ ಕಣ್ಣಿಗೆ ಚೆಂದ ಕಾಣಿಸದ ಇಂಥ ಪುಟವನ್ನು ಪ್ರಕಟಿಸುವ ಬೇರೆ ಪ್ಯಾಂಟ್ರಿಯನ್ನು ನಾನು ಕಂಡಿಲ್ಲ.

ಎರಡನೆಯ ಮಾತು, ಅಂದರೆ ಕಪ್ಪು ಬೆಳೆಗಾರರಿಂದ ಖರೀದಿ, ಕುಂಟುತ್ತಿದೆ. ಈ ಮಾತಿನ ಹಿಂದಿನ ಚರಿತ್ರೆ ಭಾರವಾದದ್ದು: 1920ರಲ್ಲಿ ಅಮೆರಿಕದ ರೈತರಲ್ಲಿ ಶೇ 14ರಷ್ಟು ಕಪ್ಪು ಜನರಿದ್ದರು, ಈಗ ಶೇ 2ನ್ನೂ ಮುಟ್ಟುವುದಿಲ್ಲ. ಹಿಂಸೆಯಿಂದ, ವಂಚನೆಯ ಹರಾಜುಗಳಿಂದ ನೆಲ ಕೈತಪ್ಪಿದ್ದು ಒಂದೆಡೆಯಾದರೆ, ಸಾಲ ಕೊಡಬೇಕಾದ ಕೃಷಿ ಇಲಾಖೆಯೇ ಭೇದ ಮಾಡಿದ್ದು ಇನ್ನೊಂದೆಡೆ. ಅದರ ವಿರುದ್ಧ ಪಿಗ್‌ಫರ್ಡ್ ಹೆಸರಿನ ಸಾಮೂಹಿಕ ಮೊಕದ್ದಮೆಯಲ್ಲಿ 1999ರಲ್ಲಿ ಪರಿಹಾರದ ಒಪ್ಪಂದವಾಯಿತು. ಸ್ಥಳೀಯ ಬೆಳೆಗಾರರಿಂದ ಕೊಂಡು ಪ್ಯಾಂಟ್ರಿಗಳಿಗೆ ಕೊಡಲು ಕೇಂದ್ರ ಸರ್ಕಾರ ನಡೆಸುತ್ತಿದ್ದ ಯೋಜನೆಯ ಮುಂದಿನ ಹಂತದ ಹಣವನ್ನು 2025ರ ಮಾರ್ಚ್‌ನಲ್ಲಿ ರದ್ದುಪಡಿಸಿದಾಗ ಈ ಸಂಸ್ಥೆಗೂ ಪೆಟ್ಟು ಬಿದ್ದದ್ದು ನಿಜ. ಆದರೆ ವರದಿಯನ್ನು ಗಮನವಿಟ್ಟು ಓದಿದರೆ ಖರೀದಿಯ ಪಾಲು ಅದಕ್ಕೂ ಮೊದಲೇ ಇಳಿಯತೊಡಗಿತ್ತು, ಮತ್ತು ಕಳೆದ ವರದಿಯಲ್ಲಿ ಆ ಸಾಲನ್ನು ‘ಸ್ಥಳೀಯ ಬೆಳೆಗಾರರು’ ಎಂಬ ದೊಡ್ಡ ತಲೆಬರಹದೊಳಗೆ ಸೇರಿಸಿಬಿಟ್ಟಿದ್ದಾರೆ. ಬರಿಗೈಯಲ್ಲಿ ಹೋದವರ ಲೆಕ್ಕವನ್ನು ಅಳುಕಿಲ್ಲದೆ ಕೊಡುವವರು ಇಲ್ಲೇಕೆ ಅಂಕಿಯನ್ನು ಮಸುಕುಗೊಳಿಸಿದರು? ಬೆಳೆ ಸಿಗದೆ ಎನ್ನುವಂತಿಲ್ಲ. ಇದೇ ನಗರದ ರೂಜ್ ಪಾರ್ಕ್‌ನಲ್ಲಿ ‘ಡಿ-ಟೌನ್ ಫಾರ್ಮ್’ ಎಂಬ ಏಳು ಎಕರೆ ತೋಟವಿದೆ. 2006ರಲ್ಲಿ ಹುಟ್ಟಿದ ಡೆಟ್ರಾಯಿಟ್ ಬ್ಲ್ಯಾಕ್ ಕಮ್ಯೂನಿಟಿ ಫುಡ್ ಸಾವರಿನ್‌ಟಿ ನೆಟ್‌ವರ್ಕ್ ಎಂಬ ಸಂಘಟನೆ ಅದನ್ನು ನಡೆಸುತ್ತದೆ. ಬೆಲೆ ಸಗಟು ಮಾರುಕಟ್ಟೆಗಿಂತ ಹೆಚ್ಚಾಗುತ್ತದೆ ಎಂಬ ಖರೀದಿ ವಿಭಾಗದ ಉತ್ತರ ಸುಳ್ಳಲ್ಲ. ಆ ಹೆಚ್ಚಿನ ಬೆಲೆ ತೆರುತ್ತೇವೆ ಎಂಬುದೇ ತಾನೇ ಬರೆದುಕೊಟ್ಟ ಮಾತು.

ಮೂರನೆಯ ಮಾತಿನಲ್ಲಿ ಸಂಸ್ಥೆ ಬಹುತೇಕ ಸೋತಿದೆ ಎಂದೇ ನನ್ನ ಅಭಿಪ್ರಾಯ. ಅರ್ಧದಷ್ಟು ಎಂದು ಹೇಳಿದ ಆಡಳಿತ ಮಂಡಳಿಯಲ್ಲಿ ಪ್ಯಾಂಟ್ರಿ ಬಳಸುವವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದಾರೆ. ಪ್ಯಾಂಟ್ರಿ ಬಳಸುವ ಉಳಿದವರಿಗಾಗಿ ‘ಸಮುದಾಯ ಸಲಹಾ ಸಮಿತಿ’ ಎಂಬುದನ್ನು ರಚಿಸಿದ್ದಾರೆ. ಅದು ಶ್ರದ್ಧೆಯಿಂದ ಸೇರುತ್ತದೆ, ಒಳ್ಳೆಯ ಸಲಹೆ ಕೊಡುತ್ತದೆ, ಆದರೆ ಅದಕ್ಕೆ ಮತವಿಲ್ಲ. ಉಪ್ಪು ಕಡಿಮೆ ಇರುವ ಡಬ್ಬಿಗಳ ಹಸಿರು ಪಟ್ಟಿಯಿಂದ ಹಿಡಿದು ಸಂಜೆಯ ವೇಳೆಯವರೆಗೆ ನಾನು ಮೇಲೆ ಹೊಗಳಿದ ಹಲವು ಸಂಗತಿಗಳು ಆ ಸಮಿತಿಯಲ್ಲಿ ಹುಟ್ಟಿದವು. ಹಣ ಎಲ್ಲಿ ಖರ್ಚಾಗಬೇಕು, ನಿರ್ದೇಶಕರಾಗಿ ಯಾರನ್ನು ನೇಮಿಸಬೇಕು ಎಂಬ ಪ್ರಶ್ನೆಗಳು ಬಂದಾಗ ಮಾತ್ರ ಅವು ಮತ್ತೊಂದು ಕೋಣೆಗೆ ಹೋಗುತ್ತವೆ. ಮಂಡಳಿಯ ಸಭೆ ನಡೆಯುವುದು ಕೆಲಸದ ದಿನ ಬೆಳಗ್ಗೆ, ನಗರದ ಮಧ್ಯಭಾಗದ ಕಚೇರಿಯೊಂದರಲ್ಲಿ, ವಾಹನ ನಿಲ್ಲಿಸಲು ದುಡ್ಡು ಕೊಡಬೇಕಾದ ಕಡೆ. ಪ್ರತಿ ಸದಸ್ಯರೂ ವರ್ಷಕ್ಕೆ ಇಂತಿಷ್ಟು ದೇಣಿಗೆ ಕೊಡಬೇಕು ಇಲ್ಲವೇ ತರಬೇಕು ಎಂಬ ರೂಢಿ ಈ ದೇಶದ ಸೇವಾಸಂಸ್ಥೆಗಳಲ್ಲಿ ಸಾಮಾನ್ಯ, ಇಲ್ಲೂ ಇದೆ. ಬಡವರಿಗೆ ಅದರಿಂದ ವಿನಾಯಿತಿ ಕೊಡಬಹುದೆಂದು ನಿಯಮಾವಳಿಯಲ್ಲಿದೆ. ಆದರೆ ತನಗೆ ವಿನಾಯಿತಿ ಕೊಡಿ ಎಂದು ಶ್ರೀಮಂತರ ಎದುರು ಕೇಳಿಕೊಳ್ಳಬೇಕಾದವರು ಆ ಮೇಜಿನಲ್ಲಿ ಎಷ್ಟು ಗಟ್ಟಿಯಾಗಿ ಮಾತನಾಡಿಯಾರು?

ಇದು ಸಣ್ಣ ಆಡಳಿತಾತ್ಮಕ ದೋಷವೆಂದು ತಳ್ಳಿಹಾಕುವವರಿದ್ದಾರೆ. ದಿನಸಿ ಸರಿಯಾಗಿ ಸಿಗುತ್ತಿದ್ದರೆ ಸಾಲದೇ ಎನ್ನುತ್ತಾರೆ. ಕಪ್ಪು ಜನರ ಆಹಾರ ಹೋರಾಟದ ಚರಿತ್ರೆ ಈ ವಾದವನ್ನು ಒಪ್ಪುವುದಿಲ್ಲ. 1969ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಮಿಸಿಸಿಪ್ಪಿಯ ಸನ್‌ಫ್ಲವರ್ ಕೌಂಟಿಯಲ್ಲಿ ಫ್ರೀಡಂ ಫಾರ್ಮ್ ಸಹಕಾರ ಸಂಘ ಕಟ್ಟಿದಾಗ, ಮತ ಹಾಕಲು ಹೋದದ್ದಕ್ಕೆ ಕೆಲಸ, ಮನೆ ಎರಡನ್ನೂ ಕಳೆದುಕೊಂಡವರ ಕೈಗೆ ನೆಲವನ್ನೂ ಹಂದಿಮರಿಗಳನ್ನೂ ಕೊಟ್ಟರು. ತಮ್ಮ ಊಟ ತಮ್ಮದೇ ಕೈಯಲ್ಲಿದ್ದವರನ್ನು ಹೆದರಿಸುವುದು ಕಷ್ಟ ಎಂಬ ತಿಳಿವಳಿಕೆ ಅದರಲ್ಲಿತ್ತು. ಅದೇ ವರ್ಷ ಓಕ್ಲೆಂಡ್‌ನ ಚರ್ಚೊಂದರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಮಕ್ಕಳಿಗೆ ಬೆಳಗಿನ ಉಪಾಹಾರ ಆರಂಭಿಸಿದ್ದೂ ಯಾರ ಅಪ್ಪಣೆಗೂ ಕಾಯದೆ. ಡೆಟ್ರಾಯಿಟ್‌ನಲ್ಲೇ ಈಗಿನ ಉದಾಹರಣೆ ಬೇಕೆಂದರೆ, 2024ರ ಮೇ ತಿಂಗಳಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ತೆರೆದ ಡೆಟ್ರಾಯಿಟ್ ಪೀಪಲ್ಸ್ ಫುಡ್ ಕೋ-ಆಪ್ ಇದೆ. ಮೇಲೆ ಹೇಳಿದ ಸಂಘಟನೆ ವರ್ಷಗಟ್ಟಲೆ ದುಡಿದು ಕಟ್ಟಿದ ಕಿರಾಣಿ ಅಂಗಡಿ ಅದು. 200 ಡಾಲರ್ ಕೊಟ್ಟು ಸದಸ್ಯರಾದವರೆಲ್ಲ ಅದರ ಒಡೆಯರು, ಮತ್ತು ಒಬ್ಬರಿಗೆ ಒಂದೇ ಮತ. ಉಚಿತ ಪ್ಯಾಂಟ್ರಿಯನ್ನು ಸಹಕಾರಿ ಅಂಗಡಿಗೆ ಪೂರ್ತಿಯಾಗಿ ಹೋಲಿಸುವುದು ಸರಿಯಲ್ಲವೆಂದು ಬಲ್ಲೆ. ಅಲ್ಲಿ ಸದಸ್ಯರಾಗಲೂ ಹಣ ಬೇಕು, ತರಕಾರಿಗೂ ಹಣ ಬೇಕು. ಹಾಗಿದ್ದೂ ನಿರ್ಧಾರ ಯಾರ ಕೈಯಲ್ಲಿರಬೇಕು ಎಂಬುದಕ್ಕೆ ಅಲ್ಲಿ ಸಿಕ್ಕಿರುವ ಉತ್ತರ ಈ ಪ್ಯಾಂಟ್ರಿಯ ಪತ್ರದಲ್ಲಿ ಇದೆ, ನಿಯಮಾವಳಿಯಲ್ಲಿ ಇಲ್ಲ.

ಕೊಡುವ ಮನಸ್ಸಿರುವ ಕನ್ನಡಿಗರಿಗೆ ಕೆಲವು ಉಪಯುಕ್ತ ಮಾತು. ನಮ್ಮ ಸಂಘಗಳು ಹಬ್ಬದ ಹೊತ್ತಿಗೆ ಡಬ್ಬಿಗಳನ್ನು ಸಂಗ್ರಹಿಸಿ ಕಾರಿನಲ್ಲಿ ತುಂಬಿ ತಂದುಕೊಡುವುದು ಒಳ್ಳೆಯ ಅಭ್ಯಾಸವೇ, ಆದರೆ ಅದೇ ದುಡ್ಡನ್ನು ನೇರವಾಗಿ ಕೊಟ್ಟರೆ ಸಂಸ್ಥೆ ಸಗಟು ದರದಲ್ಲಿ ಹೆಚ್ಚು ಕೊಳ್ಳಬಲ್ಲದು, ಬೇಕಾದದ್ದನ್ನೇ ಕೊಳ್ಳಬಲ್ಲದು. ಸಾಮಾನನ್ನೇ ಕೊಡುವುದಾದರೆ ಮಸೂರ ಬೇಳೆ, ಅಕ್ಕಿ, ಅಡುಗೆ ಎಣ್ಣೆ, ಡಯಾಪರ್, ಸೋಪು ಇವಕ್ಕೆ ಬೇಡಿಕೆ ಹೆಚ್ಚು. ಉಳಿದ ಅಡುಗೆಯನ್ನೋ ಸಾಮಾನನ್ನೋ ಕೊಟ್ಟು ಯಾರಿಗಾದರೂ ತೊಂದರೆಯಾದರೆ ಮೊಕದ್ದಮೆ ಬೀಳುತ್ತದೆಂಬ ಹೆದರಿಕೆ ಹೋಟೆಲು ನಡೆಸುವ ನಮ್ಮವರಲ್ಲಿ ಇನ್ನೂ ಇದೆ. 1996ರ ಬಿಲ್ ಎಮರ್ಸನ್ ಗುಡ್ ಸಮರಿಟನ್ ಕಾಯ್ದೆಯು ಒಳ್ಳೆಯ ಉದ್ದೇಶದಿಂದ, ಗಂಭೀರ ನಿರ್ಲಕ್ಷ್ಯವಿಲ್ಲದೆ ಕೊಟ್ಟವರಿಗೆ ರಕ್ಷಣೆ ಕೊಡುತ್ತದೆ. ಹಣ ಕೊಡುವ ಮೊದಲು ಯಾವ ಸಂಸ್ಥೆಯದ್ದಾದರೂ ಫಾರ್ಮ್ 990 ಎಂಬ ತೆರಿಗೆ ದಾಖಲೆಯನ್ನು ಓದಿ. ಅದು ಸಾರ್ವಜನಿಕ ದಾಖಲೆ, ಮಂಡಳಿಯ ಸದಸ್ಯರ ಪಟ್ಟಿ ಅದರಲ್ಲೇ ಇರುತ್ತದೆ, ಬದ್ಧತಾ ಪತ್ರದ ಪಕ್ಕದಲ್ಲಿ ಇಟ್ಟು ನೋಡಲು ಅದಕ್ಕಿಂತ ಅನುಕೂಲವಾದ ಕಾಗದ ಇನ್ನೊಂದಿಲ್ಲ.

ದಿನಸಿ ಬೇಕಾದವರಿಗೆ ಈ ಪ್ಯಾಂಟ್ರಿಯನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ; ಮರ್ಯಾದೆಯಿಂದ ನಡೆಸಿಕೊಳ್ಳುವುದರಲ್ಲಿ ಇದಕ್ಕೆ ಸಾಟಿಯಾದದ್ದನ್ನು ಈ ಭಾಗದಲ್ಲಿ ನಾನು ನೋಡಿಲ್ಲ. ದಾನಿಗಳಿಗೆ ನನ್ನ ಶಿಫಾರಸು ಷರತ್ತಿನದು. ನನ್ನ ವರ್ಷದ ದೇಣಿಗೆಯನ್ನು ಮುಂದುವರಿಸಿದ್ದೇನೆ, ಜೊತೆಗೆ ಎರಡು ಪ್ರಶ್ನೆಗಳನ್ನು ಬರೆದು ಕಳಿಸಿದ್ದೇನೆ: ಕಪ್ಪು ಬೆಳೆಗಾರರಿಂದ ಮಾಡಿದ ಖರೀದಿಯನ್ನು ಮುಂದಿನ ವರದಿಯಲ್ಲಿ ಮತ್ತೆ ಪ್ರತ್ಯೇಕ ಸಾಲಾಗಿ ತೋರಿಸುವಿರಾ, ಮತ್ತು ಸಲಹಾ ಸಮಿತಿಗೆ ಮತ ಕೊಡುವ ತಿದ್ದುಪಡಿಯನ್ನು ಯಾವ ಸಭೆಯ ಮುಂದೆ ಇಡುವಿರಿ. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಬಂದಿದೆ. ಎರಡನೆಯದನ್ನು ಸಲಹಾ ಸಮಿತಿಯ ಅಭಿಪ್ರಾಯಕ್ಕೆ ಕಳಿಸಿದ್ದೇವೆ ಎಂದು ತಿಳಿಸಿದ್ದಾರೆ.